ಕೆಎ ಪಾಸಿಂಗ್ ಗಾಡಿ, ಎಂಎಚ್ ಮನೆ: ರಾಜ್ಯ ಬದಲಿಸಿದ ಹಳೆ ವಾಹನದ ಪ್ರಶ್ನೆ

ದುಧನಿಯ ಮಾರುಕಟ್ಟೆಗೆ ತೊಗರಿ ಬರುವ ದಿನಗಳಲ್ಲಿ ಆಡತ ಅಂಗಡಿಗಳ ಮುಂದೆ ನಿಂತ ಗಾಡಿಗಳ ನಂಬರ್ ಓದಿದರೆ ಈ ಊರಿನ ಸಂಬಂಧಗಳೆಲ್ಲ ಕಾಣುತ್ತವೆ. ಎಂಎಚ್-13 ಅಂದರೆ ಸೊಲ್ಲಾಪುರ, ನಮ್ಮದೇ ಜಿಲ್ಲೆ. ಕೆಎ-32 ಕಲಬುರಗಿ, ಅಂದರೆ ಅಫಜಲಪುರ, ಆಳಂದ ಕಡೆಯ ಬೀಗರು. ಕೆಎ-28 ವಿಜಯಪುರ. ನಡುವೆ ಒಂದೆರಡು ಎಂಎಚ್-12 ಕಂಡರೆ ಅವು ಪುಣೆಗೆ ದುಡಿಯಲು ಹೋದ ಮಕ್ಕಳವು. ನಮ್ಮ ಭಾಗದಲ್ಲಿ ‘ನೋಂದಣಿ’ ಎಂಬ ಮಾತು ಅರ್ಜಿಯ ಮೇಲಷ್ಟೇ ಇರುತ್ತದೆ, ಬಾಯಲ್ಲಿ ಬರುವುದು ‘ಪಾಸಿಂಗ್’. ‘ಗಾಡಿ ಎಲ್ಲೀ ಪಾಸಿಂಗ್ ರೀ?’ ಎಂದು ಕೇಳಿದರೆ ಗಾಡಿಯ ಹುಟ್ಟೂರು ಕೇಳಿದಂತೆ.

ಕಲಬುರಗಿಯಲ್ಲಿ ನೌಕರಿ ಮಾಡಿದ ನಮ್ಮ ಕಾಕಾ 2007ರಲ್ಲಿ ಅಲ್ಲಿಯೇ ಒಂದು ಬೈಕ್ ಕೊಂಡಿದ್ದರು. ನಿವೃತ್ತಿಯಾಗಿ ಊರಿಗೆ ಬರುವಾಗ ಪಾತ್ರೆ, ಟ್ರಂಕು, ಹಾಸಿಗೆಗಳ ಜೊತೆ ಬೈಕೂ ಬಂತು. ಗಡಿ ದಾಟಿದ್ದು ಅವರ ಲೆಕ್ಕದಲ್ಲಿ ಊರಿಗೆ ಮರಳಿದ್ದು, ಕಾನೂನಿನ ಲೆಕ್ಕದಲ್ಲಿ ಮತ್ತೊಂದು ರಾಜ್ಯ ಸೇರಿದ್ದು. ಆಮೇಲೆ ಎರಡೂ ರಾಜ್ಯಗಳ ಕಚೇರಿಗಳ ನಡುವೆ ಅವರು ಓಡಾಡಿದ್ದನ್ನು ಹತ್ತಿರದಿಂದ ಕಂಡವನು ನಾನು. ಹಳೆಯ ವಾಹನವೊಂದು ರಾಜ್ಯ ಬದಲಿಸಿದರೆ ಅದರ ಮೇಲೆ ಯಾರ ಹಕ್ಕು ಎಷ್ಟು, ಅದರ ಹೊಗೆಯನ್ನು ಯಾರು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗೆ ಒಂದು ಶತಮಾನದ ಇತಿಹಾಸವಿದೆ, ಒಂದಕ್ಕೊಂದು ಹೊಂದದ ನಾಲ್ಕಾರು ಉತ್ತರಗಳೂ ಇವೆ.

ಗಡಿ ಬಂದದ್ದು ಹೇಗೆ

ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಅದನ್ನು ವಿಸ್ತರಿಸಿ ಬರೆದದ್ದು 1939ರಲ್ಲಿ. ಆಗ ನಮ್ಮ ಸೀಮೆಯ ನಕ್ಷೆಯೇ ಬೇರೆ. ನಮ್ಮ ತಾಲೂಕು ಅಕ್ಕಲಕೋಟದಲ್ಲಿ ಭೋಸಲೆ ಮನೆತನದ ಸಂಸ್ಥಾನ, ಕಲಬುರಗಿಯಲ್ಲಿ ನಿಜಾಮರ ಆಡಳಿತ, ಸೊಲ್ಲಾಪುರ ಮತ್ತು ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿ. 1948ರಲ್ಲಿ ಅಕ್ಕಲಕೋಟ ಮುಂಬಯಿಗೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ, ವಿಜಯಪುರಗಳು ಮೈಸೂರು ರಾಜ್ಯಕ್ಕೆ ಹೋದವು, ನಾವು ಮುಂಬಯಿಯಲ್ಲೇ ಉಳಿದೆವು. 1960ರ ಮೇ 1ರಂದು ಮಹಾರಾಷ್ಟ್ರದವರಾದೆವು. 1956ಕ್ಕೆ ಮೊದಲು ಸೊಲ್ಲಾಪುರದ ಮೋಟಾರು ವಿಜಯಪುರಕ್ಕೆ ಹೋದರೆ ಅದೇ ರಾಜ್ಯದೊಳಗಿನ ಪ್ರಯಾಣ. ರಾತ್ರಿ ಬೆಳಗಾಗುವಷ್ಟರಲ್ಲಿ ಅದು ಪರರಾಜ್ಯದ ಗಾಡಿಯಾಯಿತು. ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಆ ವ್ಯಾಜ್ಯಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಗಡಿ ಗೆರೆ ಎಲ್ಲಿ ಬಿದ್ದರೂ ಅದರ ಎರಡೂ ಬದಿಗೆ ಬೀಗರು ಇದ್ದೇ ಇರುತ್ತಾರೆ ಎಂಬುದಷ್ಟೇ ಇಲ್ಲಿ ಮುಖ್ಯ.

ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನ ಕಾಯ್ದೆ. 1989ರ ಜುಲೈ 1ರಿಂದ ಜಾರಿಗೆ ಬಂತು. ಎಂಎಚ್, ಕೆಎ ಎಂಬ ಎರಡಕ್ಷರದ ರಾಜ್ಯ ಗುರುತುಗಳು ಬಂದದ್ದೂ ಆಗಲೇ. ಇಡೀ ಗೊಂದಲದ ಬೀಜ ಇದರ ಅಕ್ಕಪಕ್ಕದ ಎರಡು ಕಲಮುಗಳಲ್ಲಿದೆ. 46ನೆಯ ಕಲಮು, ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ದೇಶದ ಬೇರೆಲ್ಲೂ ಮತ್ತೆ ನೋಂದಾಯಿಸಬೇಕಿಲ್ಲ ಎನ್ನುತ್ತದೆ. 47ನೆಯ ಕಲಮು, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು ಎನ್ನುತ್ತದೆ. ಮೊದಲನೆಯದು ದೇಶ ಒಂದು ಎನ್ನುತ್ತದೆ, ಎರಡನೆಯದು ರಾಜ್ಯ ಬೇರೆ ಎನ್ನುತ್ತದೆ. ಎರಡೂ ಕಾನೂನೇ.

ಕಾಗದ ನಡೆಯುವ ದಾರಿ

ಸಾಮಾನ್ಯರಿಗೆ ಈ ಪ್ರಶ್ನೆ ಎದುರಾಗುವುದು ಸಿದ್ಧಾಂತವಾಗಿ ಅಲ್ಲ, ಕಾಗದವಾಗಿ. ಹೊರಡುವ ರಾಜ್ಯದ ಆರ್‌ಟಿಒದಲ್ಲಿ ನಮೂನೆ 28 ತುಂಬಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತೆಗೆಸಬೇಕು. ತೆರಿಗೆ ಬಾಕಿ ಇಲ್ಲ, ದಂಡ ಬಾಕಿ ಇಲ್ಲ, ಗಾಡಿ ಕಳವಿನದಲ್ಲ ಎಂಬುದಕ್ಕೆ ದಾಖಲೆ ಬೇಕು. ಸಾಲದ ಮೇಲೆ ಕೊಂಡಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಅರ್ಜಿ ಕೊಟ್ಟ 30 ದಿನಗಳೊಳಗೆ ಎನ್‌ಒಸಿ ಕೊಡಬೇಕು ಇಲ್ಲವೇ ಕಾರಣ ಹೇಳಿ ನಿರಾಕರಿಸಬೇಕು, ಎರಡೂ ಮಾಡದಿದ್ದರೆ ಕೊಟ್ಟಂತೆಯೇ ಎಂದು 48ನೆಯ ಕಲಮು ಹೇಳುತ್ತದೆ. ಜನರಿಗೆ ಗೊತ್ತಿಲ್ಲದ ಒಳ್ಳೆಯ ಕಲಮು ಇದು. ಆಮೇಲೆ ಬಂದ ರಾಜ್ಯದಲ್ಲಿ ನಮೂನೆ 27, ವಿಳಾಸದ ಪುರಾವೆ, ವಿಮೆ, ಹೊಗೆ ತಪಾಸಣೆಯ ಪಿಯುಸಿ, ಅಲ್ಲಿನ ತೆರಿಗೆ. ಕೊನೆಗೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸುವುದು.

ಚಾಸಿ ನಂಬರಿನ ಅಚ್ಚು ತೆಗೆಯುವುದನ್ನು ಒಮ್ಮೆ ನೋಡಬೇಕು. ಬೈಕಿನ ಹ್ಯಾಂಡಲ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಕುತ್ತಿಗೆಯ ಹತ್ತಿರ ಹದಿನೈದು ವರ್ಷದ ಎಣ್ಣೆ, ಮಣ್ಣು ಕಟ್ಟಿದ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕುತ್ತಾರೆ. ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಏಳುತ್ತವೆ. ಕಾಕಾನ ಬೈಕಿನಲ್ಲಿ ನಡುವಿನ ಎರಡು ಅಂಕಿಗೆ ತುಕ್ಕು ಹಿಡಿದಿತ್ತು. ಮೂರು ಕಾಗದ ಹರಿದವು. ನಾಲ್ಕನೆಯದರಲ್ಲಿ ಅಂಕಿ ಮೂಡಿದಾಗ ಅವರು ಕನ್ನಡಕ ಏರಿಸಿ ಆರ್‌ಸಿ ಬುಕ್ಕಿನೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿದರು, ಮೊಮ್ಮಗನ ಅಂಕಪಟ್ಟಿ ನೋಡುವ ಹಾಗೆ.

ಹಳೆ ಗಾಡಿಗೆ ಇನ್ನೊಂದು ಗಂಟು ಇದೆ. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ ಹೊತ್ತಿಗೇ ರಾಜ್ಯ ಬದಲಿಸಿದವರು ನವೀಕರಣವನ್ನು ಎಲ್ಲಿ ಮಾಡಿಸಬೇಕೆಂದು ಅಲ್ಲಿಂದಿಲ್ಲಿಗೆ ಅಲೆಯುತ್ತಾರೆ. ಪುಸ್ತಕರೂಪದ ಆರ್‌ಸಿ ಇದ್ದ ಕಾಲದ ಗಾಡಿಯ ವಿವರ ‘ವಾಹನ್’ ಗಣಕ ದಾಖಲೆಗೆ ಏರಿರದಿದ್ದರೆ ಮೂಲ ಕಚೇರಿಯಲ್ಲೇ ‘ಬ್ಯಾಕ್‌ಲಾಗ್ ಎಂಟ್ರಿ’ ಆಗಬೇಕು. ಕಾಕಾ ಮೊದಲ ಸಲ ಹೋದ ಕಚೇರಿಯಲ್ಲಿ ‘ಆ ಕಡೆ ಹೋಗ್ರಿ’ ಎಂದರು. ಆ ಕಡೆಯವರು ‘ಈಗ ಗಾಡಿ ಅವರ ಹದ್ದಿನಾಗ ಐತಲ್ಲ’ ಎಂದರು. ಅಷ್ಟರಲ್ಲಿ ತಡವಾದ ತಿಂಗಳಿಗೆ ದಂಡ ಬೆಳೆಯುತ್ತ ಹೋಯಿತು. 2022ರ ಏಪ್ರಿಲ್ 1ರಿಂದ ಬೈಕಿನ ನವೀಕರಣ ಶುಲ್ಕ 300 ರೂಪಾಯಿಯಿಂದ 1,000ಕ್ಕೆ, ಕಾರಿನದು 600ರಿಂದ 5,000ಕ್ಕೆ ಏರಿತು. ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಬೈಕಿಗೆ 2,000, ಕಾರಿಗೆ 10,000 ಎಂದಾಯಿತು. ಮಾರಿದರೆ ಹತ್ತು ಸಾವಿರವೂ ಬಾರದ ಬೈಕಿನ ಒಡೆಯನಿಗೆ ಇದು ಸಣ್ಣ ಮೊತ್ತವಲ್ಲ.

ತೆರಿಗೆ: ರಸ್ತೆ ಯಾರದು, ಹಣ ಯಾರದು

ನಂಬರ್ ಬದಲಾವಣೆಯ ಜಗಳದ ಒಳಗೆ ಇರುವುದು ತೆರಿಗೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 57ನೆಯ ನಮೂದು. ಯಂತ್ರಚಾಲಿತ ವಾಹನಗಳು ಮತ್ತು ಅವುಗಳ ತೆರಿಗೆಯ ತತ್ತ್ವಗಳು ಸಮವರ್ತಿ ಪಟ್ಟಿಯ 35ನೆಯದು. ಅಂದರೆ ನೋಂದಣಿಯ ನಿಯಮ ದಿಲ್ಲಿಯದು, ವಸೂಲಿ ಬೆಂಗಳೂರು ಮತ್ತು ಮುಂಬಯಿಯದು. ಕರ್ನಾಟಕದಲ್ಲಿ 1957ರ ಮೋಟಾರು ವಾಹನ ತೆರಿಗೆ ಕಾಯ್ದೆ ಇದೆ, ಮಹಾರಾಷ್ಟ್ರದಲ್ಲಿ 1958ರದು. ಎರಡೂ ಕಡೆ ಹೊಸ ಗಾಡಿ ಕೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಕರ್ನಾಟಕದ ದರ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಕಾರಿಗೆ ಬೆಲೆ ನೋಡಿ ಶೇ. 13ರಿಂದ 18, ಅದರ ಮೇಲೆ ಉಪಕರ.

ಈ ತೆರಿಗೆಯ ಬಗ್ಗೆ ಎರಡು ಪಂಥಗಳಿವೆ. ಮೊದಲನೆಯದು ರಾಜ್ಯಗಳದು. ನಮ್ಮ ರಸ್ತೆ ಸವೆಸುವವನು ನಮಗೆ ಕಟ್ಟಬೇಕು ಎಂಬ ಸರಳ ವಾದ. ಇದಕ್ಕೆ ಹಿರಿಯ ಆಧಾರವೂ ಇದೆ. ರಾಜಸ್ಥಾನದ ವಾಹನ ತೆರಿಗೆಯ ವ್ಯಾಜ್ಯದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್, ರಸ್ತೆಯ ಸೌಲಭ್ಯಕ್ಕೆ ಪ್ರತಿಯಾಗಿ ಹಾಕುವ ತೆರಿಗೆ ದೇಶದೊಳಗಿನ ವ್ಯಾಪಾರ, ಸಂಚಾರದ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದಿತು. 2016ರ ನವೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ‘ಪ್ರತಿಫಲ ತೆರಿಗೆ’ಯ ಸಿದ್ಧಾಂತವನ್ನೇ ಕೈಬಿಟ್ಟಿತು. ಆದರೂ ತೆರಿಗೆ ಹಾಕುವ ರಾಜ್ಯದ ಅಧಿಕಾರ ಕುಗ್ಗಲಿಲ್ಲ. ಹೊರಗಿನವನಿಗೆ ಒಂದು ನ್ಯಾಯ, ಒಳಗಿನವನಿಗೆ ಒಂದು ನ್ಯಾಯ ಆಗಬಾರದು ಎಂಬ ಕಟ್ಟು ಮಾತ್ರ ಉಳಿಯಿತು. ಕಡಿಮೆ ತೆರಿಗೆಯ ರಾಜ್ಯದಲ್ಲಿ ದುಬಾರಿ ಕಾರು ಪಾಸಿಂಗ್ ಮಾಡಿಸಿ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿಸುವವರು ಇದ್ದಾರೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಅಂಥವರನ್ನು ಹಿಡಿಯಲೆಂದೇ ಕರ್ನಾಟಕ 2014ರಲ್ಲಿ ಕಾಯ್ದೆ ತಿದ್ದಿ, 30 ದಿನಕ್ಕಿಂತ ಹೆಚ್ಚು ಇದ್ದ ಹೊರರಾಜ್ಯದ ಗಾಡಿಗೆ ಜೀವಾವಧಿ ತೆರಿಗೆ ಎಂದಿತು. 2016ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ತಿದ್ದುಪಡಿಯನ್ನು ರದ್ದು ಮಾಡಿತು.

ಆ ತಿದ್ದುಪಡಿ ಬರೆದವರ ಕಣ್ಣ ಮುಂದೆ ಇದ್ದದ್ದು ಬೆಂಗಳೂರಿನ ಐಷಾರಾಮಿ ಕಾರು. ಗಾಣಗಾಪುರಕ್ಕೆ ಹುಣ್ಣಿಮೆಗೆ ಹೋಗಿ, ಅಫಜಲಪುರದ ಅಳಿಯನ ಹೊಲದ ರಾಶಿ ಮುಗಿಯುವವರೆಗೆ ಅಲ್ಲೇ ಇದ್ದು ಬರುವ ಎಂಎಚ್-13 ಬೈಕು ಅವರಿಗೆ ಕಂಡಿರಲಿಕ್ಕಿಲ್ಲ. ಆದರೆ ಕಲಮು ಇಬ್ಬರಿಗೂ ಒಂದೇ ಆಗಿತ್ತು.

ಎರಡನೆಯ ಪಂಥ ‘ಒಂದೇ ದೇಶ, ಒಂದೇ ನೋಂದಣಿ’ಯದು. ಒಮ್ಮೆ 15 ವರ್ಷದ ತೆರಿಗೆ ಕಟ್ಟಿದ ಮೇಲೆ ಐದನೆಯ ವರ್ಷಕ್ಕೆ ಮತ್ತೊಂದು ರಾಜ್ಯ ಮತ್ತೆ ಕೇಳುವುದು ಅನ್ಯಾಯ ಎನ್ನುತ್ತದೆ. ವಯಸ್ಸಿಗೆ ತಕ್ಕಂತೆ ಹೊಸ ರಾಜ್ಯ ಕಡಿಮೆ ತೆರಿಗೆ ಕೇಳುತ್ತದೆ, ಹಳೆ ರಾಜ್ಯ ಉಳಿದ ಅವಧಿಯ ಹಣ ಮರಳಿಸುತ್ತದೆ, ನಿಜ. ಆದರೆ ಮೊದಲು ಕಟ್ಟಬೇಕು, ಹೊಸ ಆರ್‌ಸಿ ತೋರಿಸಿ ಆಮೇಲೆ ಹಳೆಯ ಹಣಕ್ಕೆ ಅಲೆಯಬೇಕು. ಬೈಕಿನ ಕೆಲವು ಸಾವಿರಕ್ಕಾಗಿ ದಿನಗೂಲಿ ಬಿಟ್ಟು ನಾಲ್ಕು ಸಲ ಕಲಬುರಗಿಗೆ ಹೋಗಿಬರುವವರು ಯಾರು? ಹಾಗಾಗಿ ಹಣ ಸರ್ಕಾರದಲ್ಲೇ ಉಳಿಯುತ್ತದೆ.

ಈ ಪಂಥದ ದೊಡ್ಡ ಗೆಲುವು ಬಿಎಚ್ ಸರಣಿ. 2021ರ ಸೆಪ್ಟೆಂಬರ್ 15ರಿಂದ ಬಂತು. ರಕ್ಷಣಾ ಪಡೆ, ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರು ಈ ನಂಬರ್ ಪಡೆಯಬಹುದು. ತೆರಿಗೆ ಎರಡೆರಡು ವರ್ಷಕ್ಕೆ, ರಾಜ್ಯ ಬದಲಿಸಿದರೂ ನಂಬರ್ ಅದೇ. 2022ರ ಡಿಸೆಂಬರಿನಲ್ಲಿ ಹಳೆಯ ಖಾಸಗಿ ವಾಹನಗಳಿಗೂ ಬಾಗಿಲು ತೆರೆಯಿತು. ಖಾಸಗಿ ನೌಕರರಿಗೆ ಇದನ್ನು ಕೊಡಲು ಕರ್ನಾಟಕ ಹಿಂಜರಿದಾಗ ವಿಷಯ ಹೈಕೋರ್ಟಿಗೆ ಹೋಯಿತು. ಈ ಸರಣಿಯ ಯೋಚನೆ ಸರಿಯಾಗಿದೆ, ಆದರೆ ಅದರ ಅರ್ಹತೆ ನೌಕರಿಯನ್ನು ನೋಡುತ್ತದೆ. ಪುಣೆಯ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವ ನಮ್ಮೂರಿನ ಹುಡುಗ, ಎರಡು ರಾಜ್ಯದಲ್ಲಿ ಹೊಲ ಇರುವ ರೈತ, ನಿವೃತ್ತ ಕಾಕಾ, ಇವರು ಯಾರೂ ಅದರಲ್ಲಿ ಬರುವುದಿಲ್ಲ.

ಯುರೋಪಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆಸ್ಟ್ರಿಯಾದಲ್ಲಿ ಬಳಸುವ, ಪರದೇಶದಿಂದ ಲೀಸಿಗೆ ತಂದ ಕಾರಿನ ವ್ಯಾಜ್ಯದಲ್ಲಿ 2002ರಲ್ಲಿ ಯುರೋಪಿನ ನ್ಯಾಯಾಲಯ, ನೋಂದಣಿ ಕೇಳುವುದು ತಪ್ಪಲ್ಲ, ಆದರೆ ತೆರಿಗೆ ಅಲ್ಲಿ ಇರುವ ಅವಧಿಗೆ ತಕ್ಕಷ್ಟೇ ಇರಬೇಕು ಎಂಬ ನೆಲೆ ತಾಳಿತು. ಬಿಎಚ್ ಸರಣಿಯ ಎರಡು ವರ್ಷದ ಲೆಕ್ಕಕ್ಕೂ ಇದಕ್ಕೂ ತತ್ತ್ವ ಒಂದೇ. ಎಲ್ಲ ಗಾಡಿಗಳಿಗೂ ವರ್ಷವಾರು ತೆರಿಗೆ ಬಂದರೆ ಎನ್‌ಒಸಿಯ ಜಗಳ ಅರ್ಧ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದೇ ಸಲಕ್ಕೆ 15 ವರ್ಷದ ಹಣ ಬರುವ ದಾರಿಯನ್ನು ಯಾವ ಹಣಕಾಸು ಇಲಾಖೆಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಗುರುತಿನ ವಾದ

ಪೊಲೀಸರ ವಾದ ಚಿಕ್ಕದು, ಬಲವಾದುದು. ಅಪಘಾತ ಮಾಡಿ ಓಡಿದ ಗಾಡಿಯ ನಂಬರ್ ಸಿಕ್ಕರೆ ಒಡೆಯನ ಮನೆ ಸಿಗಬೇಕು. ಕಳವಿನ ಗಾಡಿ ಗಡಿ ದಾಟಿ ಮಾರಾಟವಾಗುವುದನ್ನು ಎನ್‌ಒಸಿ ತಡೆಯಬೇಕು. ದಾಖಲೆ ಆಯಾ ಕಚೇರಿಯ ಕಪಾಟಿನಲ್ಲಿದ್ದ ಕಾಲಕ್ಕೆ ಇದು ಅಗತ್ಯವಾಗಿತ್ತು. ಈಗ ವಾಹನ್ ದಾಖಲೆ ದೇಶಕ್ಕೆಲ್ಲ ಒಂದೇ, ಲೇಸರ್ ಅಂಕಿಯ ಎಚ್‌ಎಸ್‌ಆರ್‌ಪಿ ಎಂಬ ಭದ್ರತಾ ನಂಬರ್ ಫಲಕ ಹಳೆ ಗಾಡಿಗಳಿಗೂ ಕಡ್ಡಾಯ. 2019ರ ತಿದ್ದುಪಡಿಯ ನಂತರ ರಾಜ್ಯದೊಳಗೆ ಯಾವ ಆರ್‌ಟಿಒದಲ್ಲಾದರೂ ನೋಂದಣಿ ಮಾಡಿಸಬಹುದು. ಚಂದ್ರಪುರದ ಗಾಡಿ ಸೊಲ್ಲಾಪುರದಲ್ಲಿ ಓಡಿದರೆ ಗುರುತಿಗೆ ತೊಂದರೆ ಇಲ್ಲ ಎಂದಾದರೆ, ಕಣ್ಣಳತೆಯ ಅಫಜಲಪುರದ ಗಾಡಿಯಿಂದ ತೊಂದರೆ ಏನು ಎಂಬ ಪ್ರಶ್ನೆಗೆ ಗುರುತಿನ ವಾದದಲ್ಲಿ ಉತ್ತರ ಇಲ್ಲ. ವಿಳಾಸ ಬದಲಾದುದನ್ನು ತಿಳಿಸಿದರೆ ಸಾಕಾಗುತ್ತದೆ.

ಹೊಗೆ: ವಯಸ್ಸೋ, ಪರೀಕ್ಷೆಯೋ

ಹೊಗೆ ತಪಾಸಣೆಯನ್ನು ಕರ್ನಾಟಕದ ಕಡೆ ‘ಎಮಿಷನ್ ಟೆಸ್ಟ್’ ಎನ್ನುತ್ತಾರೆ, ನಮ್ಮ ಕಡೆ ‘ಪಿಯುಸಿ’. ಹೆಸರು ಬೇರೆಯಾದರೂ ಅಳತೆ ಒಂದೇ. ಅದು ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮ. ನೋಂದಣಿಯಾಗಿ ಒಂದು ವರ್ಷವಾದ ಮೇಲೆ ಪ್ರತಿ ಗಾಡಿಗೂ ಪ್ರಮಾಣಪತ್ರ ಬೇಕು. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಮತ್ತು ನಂತರದ ಗಾಡಿಗಳಿಗೆ ಅದು ಒಂದು ವರ್ಷದ್ದು, ಹಳೆಯವಕ್ಕೆ ಆರು ತಿಂಗಳದ್ದು. 2021ರಿಂದ ದೇಶಕ್ಕೆಲ್ಲ ಒಂದೇ ನಮೂನೆ. ಕಲಬುರಗಿಯಲ್ಲಿ ಮಾಡಿಸಿದ್ದು ಸೊಲ್ಲಾಪುರದಲ್ಲಿ ನಡೆಯುತ್ತದೆ. ಗಾಡಿಯಿಂದ ಊರಿನ ಆರೋಗ್ಯಕ್ಕೆ ನಿಜವಾಗಿ ತಟ್ಟುವ ಅಂಶ ಹೊಗೆ, ಮತ್ತು ಅದರ ಕಾಗದಕ್ಕೆ ರಾಜ್ಯದ ಗಡಿಯೇ ಇಲ್ಲ. ಗಡಿ ಇರುವುದು ನಂಬರಿಗೆ, ತೆರಿಗೆಗೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ತಿರುವು ಇತ್ತು. 2010ರಲ್ಲಿ ಬಿಎಸ್-4 ಮಾನದಂಡ ಮೊದಲು ಬಂದ ಕೆಲವೇ ನಗರಗಳ ಪಟ್ಟಿಯಲ್ಲಿ ದಿಲ್ಲಿ, ಮುಂಬಯಿ, ಬೆಂಗಳೂರುಗಳ ಜೊತೆ ಸೊಲ್ಲಾಪುರವೂ ಇತ್ತು. ಕಲಬುರಗಿ, ವಿಜಯಪುರಗಳಲ್ಲಿ ಬಿಎಸ್-3 ನಡೆಯಿತು. ಇಡೀ ದೇಶಕ್ಕೆ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. ಹೀಗಾಗಿ 2012ರ ಎರಡು ಪೆಟ್ರೋಲ್ ಕಾರು, ಒಂದು ಸೊಲ್ಲಾಪುರ ನಗರದ ಪಾಸಿಂಗ್, ಒಂದು ಕಲಬುರಗಿಯದು, ಅಕ್ಕಪಕ್ಕ ನಿಂತರೆ ಅಳತೆಗೋಲೇ ಬೇರೆ. ಬಿಎಸ್-3 ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5 ಇರಬಹುದು, ಬಿಎಸ್-4ಕ್ಕೆ ಮಿತಿ ಶೇ. 0.3. ಒಂದಕ್ಕೆ ಆರು ತಿಂಗಳಿಗೆ ತಪಾಸಣೆ, ಇನ್ನೊಂದಕ್ಕೆ ವರ್ಷಕ್ಕೆ. ರಾಜ್ಯ ಬದಲಿಸಿದಾಗ ಈ ವಿವರ ಹೊಸ ದಾಖಲೆಗೆ ಸರಿಯಾಗಿ ಇಳಿಯುವುದು ನಂಬರಿಗಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಲ್ಲಾಪುರವೂ ಇದೆ, ಕಲಬುರಗಿಯೂ ಇದೆ. ನಮ್ಮ ರೈಲು ಹಳಿಯ ಎರಡೂ ತುದಿಗಳ ಗಾಳಿ ಕೆಟ್ಟಿದೆ ಎಂದು ಸರ್ಕಾರವೇ ಒಪ್ಪಿದಂತೆ.

ಪರಿಸರದ ಕಾಳಜಿ ಇರುವವರಲ್ಲೇ ಎರಡು ಪಂಥ. ಒಂದು ವಯಸ್ಸಿನದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ದಿಲ್ಲಿ ಪ್ರದೇಶದಲ್ಲಿ 15 ವರ್ಷದ ಪೆಟ್ರೋಲ್, 10 ವರ್ಷದ ಡೀಸೆಲ್ ಗಾಡಿಗಳನ್ನು ತಡೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ವಿಷಯ ಮತ್ತೆ ವಿಚಾರಣೆಗೆ ಬಂತು. 2021ರ ಗುಜರಿ ನೀತಿ, ನವೀಕರಣ ಶುಲ್ಕದ ಏರಿಕೆ, ಹಸಿರು ತೆರಿಗೆ ಎಲ್ಲ ಇದೇ ದಾರಿಯವು. ಮಹಾರಾಷ್ಟ್ರದ ಹಸಿರು ತೆರಿಗೆ 15 ವರ್ಷ ದಾಟಿದ ಬೈಕಿಗೆ ಐದು ವರ್ಷಕ್ಕೆ 2,000 ರೂಪಾಯಿ ಎಂದು ನಿಗದಿಯಾಗಿತ್ತು, ಪೆಟ್ರೋಲ್ ಕಾರಿಗೆ 3,000, ಡೀಸೆಲ್‌ಗೆ 3,500. ಕರ್ನಾಟಕದಲ್ಲಿ ಬೈಕಿಗೆ 250, ಕಾರಿಗೆ 500. ಹಳೆಯ ಎಂಜಿನ್ ಹೆಚ್ಚು ಹೊಗೆ ಕಾರುತ್ತದೆ, ವಯಸ್ಸು ಅಳೆಯುವುದು ಸುಲಭ, ಮೋಸಕ್ಕೆ ಎಡೆ ಕಡಿಮೆ, ಇದು ಈ ಪಂಥದ ಬಲ. ಇದರ ದೌರ್ಬಲ್ಯ ಎನ್‌ಒಸಿಯಲ್ಲೇ ಇದೆ. ದಿಲ್ಲಿಯಲ್ಲಿ ಓಡಬಾರದ ಗಾಡಿ ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೋಗುತ್ತದೆ. ಒಂದು ಊರಿನ ಗಾಳಿ ತಿಳಿಯಾಗಲು ಇನ್ನೊಂದು ಊರು ಆ ಹೊಗೆ ಕುಡಿಯಬೇಕಾಗುತ್ತದೆ, ಮತ್ತು ಆ ಇನ್ನೊಂದು ಊರು ಸಾಮಾನ್ಯವಾಗಿ ಬಡವರದು.

ಇನ್ನೊಂದು ಪಂಥ ಪರೀಕ್ಷೆಯದು. ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗುವ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವ ಹದಿನೆಂಟು ವರ್ಷದ ಬೈಕು, ದಿನಕ್ಕೆ ನೂರು ಕಿಲೋಮೀಟರ್ ಓಡಿ ಕಪ್ಪು ಹೊಗೆ ಬಿಡುವ ಏಳು ವರ್ಷದ ಟೆಂಪೋಗಿಂತ ಊರಿಗೆ ಕಡಿಮೆ ಹಾನಿ ಮಾಡುತ್ತದೆ ಎನ್ನುತ್ತದೆ. ನನ್ನ ಮನಸ್ಸು ಇತ್ತಲೇ ವಾಲುತ್ತದೆ. ಆದರೆ ಇಂದಿನ ಪಿಯುಸಿಯನ್ನು ನೋಡಿದರೆ ಧೈರ್ಯ ಸಾಲದು. ಪೆಟ್ರೋಲ್ ಗಾಡಿಯನ್ನು ನಿಂತಲ್ಲೇ ಚಾಲೂ ಮಾಡಿ, ಸೈಲೆನ್ಸರಿನೊಳಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್, ಸೂಕ್ಷ್ಮ ಕಣ ಅದರಲ್ಲಿ ಬರುವುದೇ ಇಲ್ಲ. ಡೀಸೆಲ್‌ಗೆ ಹೊಗೆಯ ದಟ್ಟಣೆ ಮಾತ್ರ. ಭಾರ ಹೊತ್ತು ಏರು ಹತ್ತುವಾಗ ಗಾಡಿ ಏನು ಬಿಡುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ರಸ್ತೆ ಬದಿಯ ತಪಾಸಣೆ ವ್ಯಾನಿನ ಹತ್ತಿರ ನಿಂತಿದ್ದೆ. ಕೊಳವೆಯನ್ನು ಸೈಲೆನ್ಸರಿನ ಬಾಯಿಗೆ ಬೆರಳುದ್ದ ಹಿಡಿದರು, ಫಲಕದ ಫೋಟೋ ತೆಗೆದರು, ಕಾಗದ ಹೊರಬಂತು. ಗಾಡಿಯ ಎಂಜಿನ್ ಇನ್ನೂ ಬಿಸಿಯೂ ಆಗಿರಲಿಲ್ಲ.

2017ರಲ್ಲಿ ಸುಪ್ರೀಂ ಕೋರ್ಟ್ ಪಿಯುಸಿ ಇಲ್ಲದೆ ವಿಮೆ ನವೀಕರಿಸಬಾರದು ಎಂದಿತು. ಅದರಿಂದ ಅಪಘಾತದ ಸಂತ್ರಸ್ತರಿಗೇ ಪರಿಹಾರ ತಪ್ಪುವ ಭಯ ಎದ್ದು 2024ರಲ್ಲಿ ಅದನ್ನು ಸಡಿಲಿಸಿತು. 2019ರ ತಿದ್ದುಪಡಿ ಹೊಗೆಯ ಅಪರಾಧಕ್ಕೆ ದಂಡವನ್ನು 10,000 ರೂಪಾಯಿವರೆಗೆ ಏರಿಸಿತು. ಕಾಗದದ ಬೆಲೆ ಏರಿತು, ಪರೀಕ್ಷೆ ಹಿಂದಿನಂತೆಯೇ ಉಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಲು ಬಂದವನು 20 ದಿನದೊಳಗೆ ಗಾಡಿ ನೋಂದಾಯಿಸಬೇಕು, ಹೊಗೆ ಪರೀಕ್ಷೆ ಬಿಗಿ. ಆದರೂ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ಅಲ್ಲಿ ವಿನಾಯಿತಿ. ಅಂದರೆ ವಯಸ್ಸಿನ ನಿಯಮ ಅಲ್ಲಿ ನಮ್ಮದರ ತಿರುಗುಮುರುಗು.

ಇನ್ನೂ ಇತ್ಯರ್ಥವಾಗದ್ದು

ಎಲ್ಲಕ್ಕಿಂತ ಮೊದಲನೆಯದು ‘ಇಟ್ಟುಕೊಳ್ಳುವುದು’ ಎಂಬ ಮಾತಿನ ಅರ್ಥ. 47ನೆಯ ಕಲಮಿನ 12 ತಿಂಗಳು ಯಾವಾಗ ಶುರು, ನಡುವೆ ಗಡಿ ದಾಟಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದಲೋ? ಒಂದು ದಿನ ಆಳಂದ, ಇನ್ನೊಂದು ದಿನ ದುಧನಿ, ಮತ್ತೊಂದು ದಿನ ಅಕ್ಕಲಕೋಟ ಎಂದು ಸಂತೆ ಸುತ್ತುವ ವ್ಯಾಪಾರಿಯ ಗಾಡಿ ಯಾವ ರಾಜ್ಯದಲ್ಲಿ ‘ಇದೆ’? ಸಾಬೀತು ಮಾಡುವ ಭಾರ ಯಾರದು? ದಾರಿಯಲ್ಲಿ ತಡೆದವರು ‘ವರ್ಷದ ಮೇಲಾಗೈತಿ’ ಎನ್ನುತ್ತಾರೆ, ಸವಾರ ಪೆಟ್ರೋಲ್ ಚೀಟಿ ಹುಡುಕುತ್ತಾನೆ. ಟೋಲ್ ಇಲ್ಲದ ಹಳ್ಳಿ ರಸ್ತೆಯಲ್ಲಿ ಬೈಕು ಗಡಿ ದಾಟಿದ್ದಕ್ಕೆ ದಾಖಲೆ ಎಲ್ಲಿಂದ ಬರಬೇಕು?

ಹಳೆ ರಾಜ್ಯ ಮರಳಿಸಬೇಕಾದ ತೆರಿಗೆಯನ್ನು ಹೊಸ ರಾಜ್ಯಕ್ಕೆ ನೇರವಾಗಿ ಕಳಿಸುವ ಏರ್ಪಾಡು ಯಾಕಿಲ್ಲ ಎಂಬುದು ಇನ್ನೊಂದು. ದಾಖಲೆ ಒಂದೇ ಗಣಕದಲ್ಲಿದೆ, ಹಣ ಮಾತ್ರ ನಾಗರಿಕನ ಕೈಯಿಂದ ಎರಡು ಸಲ ಹೋಗಬೇಕು. ಗಡಿ ತಾಲೂಕುಗಳಿಗೆ ಬೇರೆ ನಿಯಮ ಬೇಕೇ ಎಂಬುದನ್ನು ಎರಡೂ ರಾಜ್ಯಗಳು ಕೂತು ಮಾತಾಡಬೇಕಿದೆ.

ವಯಸ್ಸೋ ಪರೀಕ್ಷೆಯೋ ಎಂಬುದು ನ್ಯಾಯಾಲಯದಲ್ಲೂ ಇನ್ನೂ ಅಲ್ಲಾಡುತ್ತಿದೆ. ನಂಬಬಹುದಾದ ಪರೀಕ್ಷೆ ಸಿಗುವವರೆಗೆ ವಯಸ್ಸಿನ ಪಂಥದವರ ಅನುಮಾನಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಅಂಥ ಪರೀಕ್ಷೆಯ ಯಂತ್ರ ತಾಲೂಕು ಮಟ್ಟಕ್ಕೆ ಯಾವಾಗ ಬರುತ್ತದೆ, ಅದರ ಖರ್ಚು ಯಾರು ಹೊರುತ್ತಾರೆ ಎಂಬುದು ಇನ್ನೂ ಖಚಿತವಾಗಿಲ್ಲ.

ಕಾಕಾನ ಬೈಕಿಗೆ ಕೊನೆಗೆ ಎಂಎಚ್-13 ನಂಬರ್ ಬಂತು. ಹಳೆಯ ಕೆಎ-32 ಫಲಕವನ್ನು ಅವರು ಎಸೆಯಲಿಲ್ಲ, ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ್ದಾರೆ. ಆದರೆ ಕಲಬುರಗಿಯಲ್ಲಿರುವ ಅವರ ಮಗಳಿಗೆ ಈಗ ಆ ಬೈಕು ಬೇಕಾಗಿದೆ, ಮೊಮ್ಮಗ ಕಾಲೇಜಿಗೆ ಸೇರಿದ್ದಾನೆ. ಮತ್ತೆ ನಮೂನೆ 28ರಿಂದ ಶುರುಮಾಡಬೇಕೋ, ಹನ್ನೊಂದು ತಿಂಗಳಿಗೊಮ್ಮೆ ಗಾಡಿಯನ್ನು ದುಧನಿಗೆ ತಂದು ನಿಲ್ಲಿಸಿದರೆ ಸಾಕೋ ಎಂದು ಅವರು ಮೊನ್ನೆ ನನ್ನನ್ನು ಕೇಳಿದರು.